ರಾತ್ರಿ ಬಂದು ಬೀಳುವ ಕಸ: ಯಾರ ಜಾಗ, ಯಾರ ಕಸ, ಯಾರ ಹೊಣೆ

ಬೆಂಗಳೂರಿನ ಆಗ್ನೇಯ ಅಂಚಿನಲ್ಲಿರುವ ನಮ್ಮ ಬಡಾವಣೆಯ ಹಿಂಬದಿಯಲ್ಲಿ, ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ನೀರು ಒಯ್ಯುವ ರಾಜಕಾಲುವೆಯೊಂದಿದೆ. ಅದರ ದಂಡೆಯ ಮೇಲೆ ಕೆಲವು ವರ್ಷಗಳಿಂದ ರಾತ್ರಿ ಹೊತ್ತು ಟಿಪ್ಪರ್ ಮತ್ತು ಟ್ರ್ಯಾಕ್ಟರುಗಳು ಬಂದು, ಕೆಡವಿದ ಕಟ್ಟಡಗಳ ಇಟ್ಟಿಗೆ, ಗಾರೆ, ಟೈಲ್ಸ್ ಚೂರು ಮತ್ತು ಪಾಯದ ಮಣ್ಣನ್ನು ಸುರಿದು ಹೋಗುತ್ತಿದ್ದವು. ಈ ಕಟ್ಟಡ ತ್ಯಾಜ್ಯ, ಅಂದರೆ ಡೆಬ್ರಿ, ಬಿದ್ದ ಕಡೆ ಹೋಟೆಲಿನ ಎಂಜಲು, ಕೋಳಿ ಅಂಗಡಿಯ ಪುಕ್ಕ, ಹಾಸಿಗೆಯ ಹತ್ತಿ ಎಲ್ಲವೂ ಬಂದು ಸೇರುವುದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ಇದನ್ನು ತಡೆಯಲು ನಾವು ನೆರೆಹೊರೆಯವರು ಸೇರಿ ನಡೆಸಿದ ಪ್ರಯತ್ನದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ತೊಂದರೆಯಲ್ಲಿರುವ ಬೇರೆ ಬಡಾವಣೆ ಮತ್ತು ಹಳ್ಳಿಗಳವರಿಗೆ ಇದರಿಂದ ಸ್ವಲ್ಪವಾದರೂ ದಾರಿ ಸುಲಭವಾಗಲಿ ಎಂಬುದು ನನ್ನ ಆಸೆ.

ಸಾಮಾನ್ಯವಾಗಿ ನಾವೆಲ್ಲ ಮಾಡುವುದು ಒಂದೇ ಕೆಲಸ. ಮೊಬೈಲಿನಲ್ಲಿ ಚಿತ್ರ ತೆಗೆದು, "ಇಲ್ಲಿ ಕಸ ಬಿದ್ದಿದೆ, ದಯವಿಟ್ಟು ತೆರವುಗೊಳಿಸಿ" ಎಂದು ಪಾಲಿಕೆಯ ದೂರಿನ ಆ್ಯಪಿನಲ್ಲಿ ದಾಖಲಿಸುತ್ತೇವೆ. ಆ ದೂರಿಗೆ ಎರಡು ಗತಿಗಳುಂಟು. ಅದೃಷ್ಟವಿದ್ದರೆ ಜೆಸಿಬಿ ಬಂದು ರಾಶಿಯನ್ನು ಎತ್ತಿಕೊಂಡು ಹೋಗುತ್ತದೆ, ದೂರು "ಪರಿಹರಿಸಲಾಗಿದೆ" ಎಂದು ಮುಕ್ತಾಯಗೊಳ್ಳುತ್ತದೆ, ಮರುವಾರ ಅದೇ ಜಾಗದಲ್ಲಿ ಹೊಸ ರಾಶಿ ಕಾಣಿಸಿಕೊಳ್ಳುತ್ತದೆ. ಇಲ್ಲವಾದರೆ "ಸದರಿ ಸ್ಥಳವು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಒಂದು ಸಾಲಿನ ಉತ್ತರದೊಂದಿಗೆ ಮುಗಿಯುತ್ತದೆ. ಎರಡೂ ಗತಿಗಳನ್ನು ಕಂಡ ಮೇಲೆ ನಮಗೆ ಹೊಳೆದದ್ದೇನೆಂದರೆ, ದೂರಿನಲ್ಲಿ ಕಸದ ವರ್ಣನೆ ಇರುವುದಕ್ಕಿಂತ ಹೆಚ್ಚಾಗಿ ಮೂರು ಪ್ರಶ್ನೆಗಳಿಗೆ ಉತ್ತರವಿರಬೇಕು: ಅದು ಯಾರ ಜಾಗ, ಬಿದ್ದಿರುವುದು ಯಾರ ಕಸ, ಮತ್ತು ತಡೆಯುವುದು ಯಾರ ಹೊಣೆ.

ಇವುಗಳಲ್ಲಿ ಮೊದಲನೆಯದೇ ಅತ್ಯಂತ ಮುಖ್ಯವೆಂದು ನಾನು ನಂಬಿದ್ದೇನೆ, ಏಕೆಂದರೆ ಕಸ ಸುರಿಯುವವರು ಆರಿಸಿಕೊಳ್ಳುವುದೇ ಗಡಿಯ ಜಾಗಗಳನ್ನು. ಒಂದು ಕಡೆ ನಗರ ಪಾಲಿಕೆ, ಇನ್ನೊಂದು ಕಡೆ ಗ್ರಾಮ ಪಂಚಾಯಿತಿ, ನಡುವೆ ಕಂದಾಯ ಇಲಾಖೆಯ ಖರಾಬು (ಸಾಗುವಳಿಗೆ ಸೇರದ) ಜಮೀನು, ಪಕ್ಕದಲ್ಲಿ ಕೆರೆ: ಇಂಥ ಕಡೆ ಬಿದ್ದ ರಾಶಿಯನ್ನು ಪ್ರತಿಯೊಂದು ಕಚೇರಿಯೂ ಮತ್ತೊಂದರ ಕಡೆಗೆ ತೋರಿಸಬಹುದು. ಬೆಂಗಳೂರಿನಲ್ಲಿ ಈ ಗೊಂದಲ ಈಚೆಗೆ ಇನ್ನಷ್ಟು ಹೆಚ್ಚಿದೆ. 2025ರ ಸೆಪ್ಟೆಂಬರ್ 2ರಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ, ಕಸದ ಕೆಲಸಕ್ಕೆ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತವೆಂಬ ಬೇರೆಯೇ ಸಂಸ್ಥೆಯಿದೆ. ಹಳೆಯ ಹೆಸರು, ಹಳೆಯ ವಿಳಾಸಕ್ಕೆ ಬರೆದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತಲೇ ಇರುತ್ತದೆ.

ಈ ಗೊಂದಲವನ್ನು ಬಿಡಿಸಲು ನಮಗೆ ನೆರವಾದದ್ದು ರಾಜ್ಯ ಸರ್ಕಾರದ್ದೇ ಆದ "ದಿಶಾಂಕ್" ಆ್ಯಪ್. ಕಸದ ರಾಶಿಯ ಬಳಿ ನಿಂತು ಅದನ್ನು ತೆರೆದರೆ, ನಾವು ನಿಂತಿರುವ ಜಾಗದ ಸರ್ವೆ ನಂಬರು, ಗ್ರಾಮ, ಹೋಬಳಿ ಮತ್ತು ತಾಲ್ಲೂಕು ತೋರಿಸುತ್ತದೆ. ಆ ಸರ್ವೆ ನಂಬರಿನ ಪಹಣಿಯನ್ನು "ಭೂಮಿ" ಜಾಲತಾಣದಲ್ಲಿ ತೆಗೆದು ನೋಡಿದರೆ, ಅದು ಖಾಸಗಿ ಹಿಡುವಳಿಯೋ, ಗೋಮಾಳವೋ, ಸರ್ಕಾರಿ ಕೆರೆಯೋ ಎಂಬುದು ಗೊತ್ತಾಗುತ್ತದೆ. ಗ್ರಾಮ ನಕಾಶೆಯಲ್ಲಿ ಕಾಲುವೆ ಹರಿಯುವ ಗೆರೆಗಳು ಸ್ಪಷ್ಟವಾಗಿರುತ್ತವೆ, ಮತ್ತು ಅಂಥ ಕಾಲುವೆ, ದಾರಿ, ಹಳ್ಳಗಳ ವಿಸ್ತೀರ್ಣ ದಾಖಲೆಗಳಲ್ಲಿ "ಬ ಖರಾಬು" ಎಂದು ನಮೂದಾಗಿರುತ್ತದೆ, ಅಂದರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ. ಆ್ಯಪಿನ ಗೆರೆ ಕೆಲವು ಅಡಿಗಳಷ್ಟು ಆಚೀಚೆ ಇರಬಹುದು. ಅಂತಿಮವಾಗಿ ಅಳತೆ ಮಾಡಬೇಕಾದವರು ತಾಲ್ಲೂಕಿನ ಭೂಮಾಪಕರೇ. ಆದರೂ "ಬಡಾವಣೆಯ ಹಿಂದಿನ ಖಾಲಿ ಜಾಗ" ಎಂದು ಬರೆದ ದೂರಿಗೂ ಸರ್ವೆ ನಂಬರು ಸಹಿತ "ಬ ಖರಾಬು ರಾಜಕಾಲುವೆ" ಎಂದು ಬರೆದ ದೂರಿಗೂ ಅಜಗಜಾಂತರ ವ್ಯತ್ಯಾಸವಿದೆ. ಎರಡನೆಯದನ್ನು ಓದಿದ ಅಧಿಕಾರಿಗೆ, ಇದು ಸರ್ಕಾರಿ ಆಸ್ತಿಯ ಪ್ರಶ್ನೆ ಎಂಬುದು ಮೊದಲ ಸಾಲಿನಲ್ಲೇ ತಿಳಿಯುತ್ತದೆ.

ಜಾಗದ ವಿಚಾರದಲ್ಲಿ ದಾಖಲೆಗಳಷ್ಟೇ ನೆರವಾದವರು ಊರಿನ ಹಿರಿಯರು. ಪಕ್ಕದ ಹಳ್ಳಿಯಲ್ಲಿ ಹಿಂದೆ ನೀರುಗಂಟಿಯ, ಅಂದರೆ ಕೆರೆಯ ನೀರು ಬಿಡುವ, ಕೆಲಸ ಮಾಡಿದ ಮನೆತನದ ಅಜ್ಜರೊಬ್ಬರು ಕಾಲುವೆಯ ಉದ್ದಕ್ಕೂ ನಮ್ಮೊಂದಿಗೆ ನಡೆದು, ತೂಬು ಎಲ್ಲಿತ್ತು, ಕೋಡಿಯ ನೀರು ಯಾವ ಕಡೆಯಿಂದ ಬರುತ್ತಿತ್ತು, ಕಾಲುವೆ ಎಷ್ಟು ಅಗಲವಿತ್ತು ಎಂಬುದನ್ನು ತೋರಿಸಿಕೊಟ್ಟರು. "ನೋಡಪ್ಪಾ, ಇದು ಕೆರೆಗೆ ನೀರು ಬರೋ ದಾರಿ. ನೀವು ಇಲ್ಲಿ ಮಣ್ಣು ತುಂಬಿದ್ರೂ ನೀರಿಗೆ ಅದು ಗೊತ್ತಾಗಲ್ಲ, ಅದು ಬಂದೇ ಬರ್ತದೆ" ಎಂದರು. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆಯ ಬಡಾವಣೆಗಳಲ್ಲಿ ಜನರನ್ನು ದೋಣಿ ಮತ್ತು ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಗಿ ಬಂದದ್ದನ್ನು ಕಂಡ ನಮಗೆ ಆ ಮಾತನ್ನು ಬಿಡಿಸಿ ಹೇಳಬೇಕಾದ ಅಗತ್ಯವಿರಲಿಲ್ಲ.

ಇಲ್ಲಿ ಒಂದು ವಿಷಯವನ್ನು ನೇರವಾಗಿಯೇ ಹೇಳಬೇಕು. ಕಾಲುವೆಯ ದಂಡೆಗೆ ಬೀಳುವ ಡೆಬ್ರಿ ಯಾವಾಗಲೂ ಕದ್ದು ಬಂದು ಬೀಳುವುದಲ್ಲ. ಎಷ್ಟೋ ಸಲ ಪಕ್ಕದ ತಗ್ಗು ಜಮೀನಿನವರೇ ಅದನ್ನು ತರಿಸಿಕೊಳ್ಳುತ್ತಾರೆ. ತಗ್ಗನ್ನು ತುಂಬಿಸಿ ಮಟ್ಟ ಮಾಡಿದರೆ ಜಮೀನಿಗೆ ಬೆಲೆ ಬರುತ್ತದೆ, ಮಟ್ಟ ಮಾಡುವ ನೆಪದಲ್ಲಿ ಕಾಲುವೆಯ ಕಡೆಗೆ ಕೆಲವು ಅಡಿ ಸರಿದರೆ ಯಾರೂ ಕೇಳುವುದಿಲ್ಲ, ಒಂದೆರಡು ಮಳೆಗಾಲದ ನಂತರ ಅಲ್ಲಿ ಕಾಲುವೆ ಇತ್ತೆಂಬ ನೆನಪೂ ಉಳಿಯುವುದಿಲ್ಲ. ಹಾಗಾಗಿ ಡೆಬ್ರಿಯ ರಾಶಿಯನ್ನು ಬರಿಯ ನೈರ್ಮಲ್ಯದ ಸಮಸ್ಯೆಯೆಂದು ಆರೋಗ್ಯ ನಿರೀಕ್ಷಕರಿಗೆ ಮಾತ್ರ ದೂರು ಕೊಟ್ಟರೆ ಸಾಲದು. ಅದು ಒತ್ತುವರಿಯ ಮೊದಲ ಹೆಜ್ಜೆಯಾಗಿರಬಹುದಾದ್ದರಿಂದ ತಹಶೀಲ್ದಾರರಿಗೂ ಪ್ರತಿ ಹೋಗಬೇಕು ಮತ್ತು ಅಳತೆ ಮಾಡಿ ಗಡಿಕಲ್ಲು ನೆಡಿಸಬೇಕೆಂಬ ಕೋರಿಕೆ ಅದರಲ್ಲಿರಬೇಕು.

ಎರಡನೆಯ ಪ್ರಶ್ನೆ, ಯಾರ ಕಸ ಎಂಬುದು. ರಾಶಿಯನ್ನು ಗಮನವಿಟ್ಟು ನೋಡಿದರೆ ಅದು ಬಹಳಷ್ಟನ್ನು ಹೇಳುತ್ತದೆ. ಹೋಟೆಲಿನ ಬಿಲ್ಲು ಪುಸ್ತಕ, ಪಾರ್ಸೆಲ್ ಡಬ್ಬಿಯ ಮೇಲಿನ ವಿಳಾಸ, ಔಷಧ ಅಂಗಡಿಯ ರಟ್ಟು, ಒಂದೇ ಬಣ್ಣದ ಟೈಲ್ಸ್ ಚೂರುಗಳು, ಹಳೆಯ ಮನೆಯ ಕಿಟಕಿ ಚೌಕಟ್ಟು: ಇವುಗಳಿಂದ ಯಾವ ದಿಕ್ಕಿನಿಂದ, ಯಾವ ಬಗೆಯ ಕೆಲಸದಿಂದ ಕಸ ಬಂದಿದೆ ಎಂದು ಊಹಿಸಬಹುದು. ಕೈಗವಸಿಲ್ಲದೆ ಮುಟ್ಟಬಾರದು, ಸಿರಿಂಜು ಅಥವಾ ಆಸ್ಪತ್ರೆಯ ತ್ಯಾಜ್ಯ ಕಂಡರೆ ಮುಟ್ಟಲೇಬಾರದು. ಅದನ್ನು ಪ್ರತ್ಯೇಕವಾಗಿ ಚಿತ್ರ ತೆಗೆದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು.

ಹಗಲಿನಲ್ಲಿ ಚಹಾದಂಗಡಿಯ ಬಳಿ ಟಿಪ್ಪರ್ ಚಾಲಕರೊಬ್ಬರೊಡನೆ ಮಾತನಾಡಿದಾಗ ಅವರು ಹೇಳಿದ್ದು ಹೀಗಿತ್ತು: "ಸಾರ್, ಇಲ್ಲಿಂದ ಚಿಕ್ಕಜಾಲಕ್ಕೆ ಒಂದು ಲೋಡ್ ಹೊಡ್ಕೊಂಡು ವಾಪಸ್ ಬರೋ ಹೊತ್ತಿಗೆ ಅರ್ಧ ದಿನ ಹೋಯ್ತದೆ. ಮೇಸ್ತ್ರಿ ಕೊಡೋ ದುಡ್ಡಲ್ಲಿ ಡೀಸೆಲ್ಲೂ ಹುಟ್ಟಲ್ಲ. ಎಲ್ಲಾದ್ರೂ ಹಾಕ್ಕೋ ಅಂತ ಅವರೇ ಹೇಳ್ತಾರೆ." ನಗರದ ಉತ್ತರದ ಚಿಕ್ಕಜಾಲದಲ್ಲಿ ಕಟ್ಟಡ ತ್ಯಾಜ್ಯವನ್ನು ಪುಡಿ ಮಾಡಿ ಮತ್ತೆ ಬಳಸುವಂತೆ ಮಾಡುವ ಘಟಕವಿದೆ. ದಕ್ಷಿಣದ ತುದಿಯಲ್ಲಿ ಮನೆ ಕೆಡವುವವರಿಗೆ ಇಡೀ ನಗರವನ್ನು ದಾಟಿ ಅಲ್ಲಿಗೆ ಹೋಗುವುದಕ್ಕಿಂತ ಕೆರೆಯ ದಂಡೆ ಅಗ್ಗವಾಗುತ್ತದೆ. ಚಾಲಕರನ್ನು ಹಿಡಿದು ದಂಡ ಹಾಕಿದರೆ ಒಂದು ದಿನದ ಮಟ್ಟಿಗೆ ತೃಪ್ತಿಯಾಗಬಹುದು, ಆದರೆ ಆ ಲೆಕ್ಕಾಚಾರ ಬದಲಾಗುವುದಿಲ್ಲ.

ಕಾನೂನು ಕೂಡ ಹೊಣೆಯನ್ನು ಚಾಲಕನ ಮೇಲಷ್ಟೇ ಹೊರಿಸುವುದಿಲ್ಲ. 2016ರ ಮಾರ್ಚ್‌ನಲ್ಲಿ ಬಂದ ಕಟ್ಟಡ ನಿರ್ಮಾಣ ಮತ್ತು ಕೆಡವಿಕೆ ತ್ಯಾಜ್ಯ ನಿರ್ವಹಣಾ ನಿಯಮಗಳು, ತ್ಯಾಜ್ಯವನ್ನು ಉತ್ಪಾದಿಸಿದವರೇ ಅದರ ಸಂಗ್ರಹಕ್ಕೆ ಮತ್ತು ವಿಂಗಡಣೆಗೆ ಹೊಣೆಗಾರರೆಂದು ಹೇಳಿದವು. ದಿನಕ್ಕೆ 20 ಟನ್ನು ಅಥವಾ ಒಂದು ಯೋಜನೆಯಿಂದ ತಿಂಗಳಿಗೆ 300 ಟನ್ನಿಗಿಂತ ಹೆಚ್ಚು ತ್ಯಾಜ್ಯ ಬರುವ ಕಡೆ ಅದನ್ನು ಕಾಂಕ್ರೀಟು, ಮಣ್ಣು, ಕಬ್ಬಿಣ-ಮರ-ಪ್ಲಾಸ್ಟಿಕ್, ಇಟ್ಟಿಗೆ-ಗಾರೆ ಎಂದು ಬೇರ್ಪಡಿಸಿ, ಕೆಲಸ ಆರಂಭಿಸುವ ಮೊದಲೇ ಸ್ಥಳೀಯ ಸಂಸ್ಥೆಗೆ ವಿಲೇವಾರಿ ಯೋಜನೆ ಸಲ್ಲಿಸಿ ಒಪ್ಪಿಗೆ ಪಡೆಯಬೇಕೆಂದೂ ಅವು ವಿಧಿಸಿದವು. ಇದಕ್ಕೆ ಬದಲಾಗಿ 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಹೊಸ ನಿಯಮಗಳು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪುಗೊಂಡಿದ್ದು, 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟ ದೊಡ್ಡ ಯೋಜನೆಗಳವರ ಹೊಣೆಯನ್ನು ಇನ್ನಷ್ಟು ಬಿಗಿಗೊಳಿಸಿವೆ. ಆದ್ದರಿಂದ ಆಸುಪಾಸಿನಲ್ಲಿ ಯಾವ ಕಟ್ಟಡ ಕೆಡವಲಾಗುತ್ತಿದೆ ಎಂಬುದನ್ನು ಗುರುತಿಸಿ, ಅದರ ತ್ಯಾಜ್ಯ ವಿಲೇವಾರಿ ಯೋಜನೆ ಏನು ಎಂದು ಕೇಳುವುದು, ರಾತ್ರಿ ನಿದ್ದೆಗೆಟ್ಟು ಟಿಪ್ಪರಿಗಾಗಿ ಕಾಯುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ನಮ್ಮಲ್ಲಿ ನಡೆದ ಬದಲಾವಣೆಯಲ್ಲಿ ದೊಡ್ಡ ಪಾಲು ಈ ಒಂದು ಪ್ರಶ್ನೆಯದ್ದೇ.

ಮನೆಗಳ ಕಸದ ವಿಚಾರ ಬೇರೆ. ಬೆಳಿಗ್ಗೆ ಆಟೊ ಟಿಪ್ಪರ್ ಬರುವ ಹೊತ್ತಿಗೆ ಪಿ.ಜಿ.ಗಳಲ್ಲಿರುವ ಹುಡುಗ ಹುಡುಗಿಯರು ಕೆಲಸಕ್ಕೆ ಹೋಗಿರುತ್ತಾರೆ, ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಅದಕ್ಕೂ ಮೊದಲೇ ಮನೆ ಬಿಟ್ಟಿರುತ್ತಾರೆ. ಕಸ ಕೊಡಲು ಅವರಿಗೆ ಬೇರೆ ವ್ಯವಸ್ಥೆಯಿಲ್ಲದಿದ್ದರೆ ಮೂಲೆಯಲ್ಲಿ ಚೀಲ ಬೀಳುತ್ತದೆ, ಒಂದು ಬಿದ್ದ ಕಡೆ ನೂರು ಬೀಳುತ್ತವೆ. 2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ, ಬೀದಿಗೆ ಕಸ ಎಸೆದವರ ಮನೆ ಬಾಗಿಲಿಗೇ ಕಸವನ್ನು ತಂದು ಸುರಿಯುವ ಕಾರ್ಯಾಚರಣೆ ನಡೆಯಿತು. ಅದನ್ನು ಮೆಚ್ಚಿದವರು ಅನೇಕರು. ನನಗೆ ಅದು ಸರಿಯೆನಿಸಲಿಲ್ಲ. ಒಂದು ಚೀಲ ಎಸೆದವರನ್ನು ಕ್ಯಾಮೆರಾದಲ್ಲಿ ಹಿಡಿದು ಬೀದಿಯ ಎದುರು ಅವಮಾನಿಸುವುದು ಸುಲಭ, ಆದರೆ ಲೋಡುಗಟ್ಟಲೆ ಸುರಿಸುವವರ ಮನೆ ಬಾಗಿಲು ಯಾವುದೆಂದು ಹುಡುಕುವುದೇ ನಿಜವಾದ ಕೆಲಸ, ಮತ್ತು ಆ ಕೆಲಸಕ್ಕೆ ದಾಖಲೆಗಳು ಬೇಕು. ನಮ್ಮ ಬೀದಿಯಲ್ಲಿ ಪಿ.ಜಿ. ಮಾಲೀಕರನ್ನು ಕೂರಿಸಿ ಮಾತನಾಡಿ, ಹಸಿ ಕಸ, ಒಣ ಕಸಕ್ಕೆ ಬೇರೆ ಡ್ರಮ್ಮುಗಳನ್ನು ಕಟ್ಟಡದ ಒಳಗೇ ಇಡಿಸಿ, ಬೆಳಿಗ್ಗೆ ಅವುಗಳನ್ನು ಗಾಡಿಗೆ ಕೊಡಲು ಒಬ್ಬರನ್ನು ಗೊತ್ತುಮಾಡಿದ ಮೇಲೆ ಮೂಲೆಯ ಚೀಲಗಳು ಬಹುಮಟ್ಟಿಗೆ ನಿಂತವು.

ಹೊಣೆಯ ಪ್ರಶ್ನೆಗೆ ಬರುತ್ತೇನೆ. ಆ್ಯಪಿನ ದೂರು ಒಂದು ಆರಂಭವೇ ಹೊರತು ಅದೇ ಸಾಕಾಗುವುದಿಲ್ಲ. ಕಾಗದದ ಮೇಲೆ ಬರೆದ ಅರ್ಜಿಯನ್ನು ಟಪಾಲು ವಿಭಾಗಕ್ಕೆ ಕೊಟ್ಟು, ನಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಅರ್ಜಿ ಒಂದು ಪುಟ ಮೀರಬಾರದು. ಸರ್ವೆ ನಂಬರು, ಮೊದಲು ಕಸ ಕಂಡ ದಿನಾಂಕ, ಸುರಿಯುವ ಹೊತ್ತು, ಬಂದ ವಾಹನದ ಸಂಖ್ಯೆ ಸಿಕ್ಕಿದ್ದರೆ ಅದು, ಹಿಂದಿನ ಆ್ಯಪ್ ದೂರುಗಳ ಸಂಖ್ಯೆ, ನಾವು ಕೇಳುತ್ತಿರುವ ಕ್ರಮ, ಇಷ್ಟಿದ್ದರೆ ಸಾಕು. ನಮ್ಮ ಕೋಪವನ್ನು ಅಲ್ಲಿ ಬರೆಯಬೇಕಾಗಿಲ್ಲ. ಕೊನೆಯಲ್ಲಿ "ಸ್ಥಳ ಪರಿಶೀಲನೆ ನಡೆಸಿ, ಕೈಗೊಂಡ ಕ್ರಮದ ಬಗ್ಗೆ ಲಿಖಿತ ಹಿಂಬರಹ ನೀಡಬೇಕು" ಎಂಬ ಸಾಲನ್ನು ಮರೆಯಬಾರದು. ಬಾಯಿಮಾತಿನಲ್ಲಿ "ನೋಡೋಣ, ಮಾಡಿಸೋಣ" ಎಂದ ಅಧಿಕಾರಿ ವರ್ಗವಾಗಿ ಹೋಗುತ್ತಾರೆ, ಆದರೆ ಹಿಂಬರಹ, ಅಂದರೆ ಕಚೇರಿ ಬರೆದುಕೊಟ್ಟ ಉತ್ತರ, ಕಡತದಲ್ಲಿ ಉಳಿಯುತ್ತದೆ.

ಚಿತ್ರಗಳ ವಿಷಯದಲ್ಲೂ ಎಚ್ಚರ ಬೇಕು. ದಿನಾಂಕ ಮತ್ತು ಅಕ್ಷಾಂಶ-ರೇಖಾಂಶಗಳನ್ನು ಚಿತ್ರದ ಮೇಲೆಯೇ ಮುದ್ರಿಸುವ ಕ್ಯಾಮೆರಾ ಆ್ಯಪುಗಳಿವೆ. ಮೂಲ ಕಡತವನ್ನು ಫೋನಿನಲ್ಲಿ ಹಾಗೆಯೇ ಇಟ್ಟುಕೊಳ್ಳಬೇಕು, ಏಕೆಂದರೆ ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದರೊಳಗಿನ ಸ್ಥಳ, ಸಮಯದ ಮಾಹಿತಿ ಅಳಿಸಿಹೋಗುತ್ತದೆ. ಮುಂದೆ ಪ್ರಕರಣ ನ್ಯಾಯಾಲಯಕ್ಕೆ ಹೋದರೆ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಬೇಕಾಗುತ್ತದೆ. ಚಿತ್ರ ತೆಗೆಯುವ ಹುಮ್ಮಸ್ಸಿನಲ್ಲಿ ರಾತ್ರಿ ಒಬ್ಬರೇ ಹೋಗಿ ಟಿಪ್ಪರನ್ನು ಅಡ್ಡಗಟ್ಟುವ ಸಾಹಸವನ್ನು ಯಾರೂ ಮಾಡಬಾರದು. ಈ ಮಾತನ್ನು ನಮ್ಮ ಬಡಾವಣೆಯ ಯುವಕರಿಗೆ ನಾನು ಪದೇ ಪದೇ ಹೇಳುತ್ತೇನೆ. ಮಹಡಿಯ ಮೇಲಿನಿಂದ ತೆಗೆದ ಚಿತ್ರ ಮಸುಕಾಗಿದ್ದರೂ ಚಿಂತೆಯಿಲ್ಲ, ಆ ಹೊತ್ತಿನಲ್ಲೇ 112ಕ್ಕೆ ಕರೆ ಮಾಡಿದರೆ ಕರೆಯ ದಾಖಲೆಯಾದರೂ ಉಳಿಯುತ್ತದೆ.

ಹಿಂಬರಹ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದೆ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿದ್ದು ಸಾಮಾನ್ಯವಾಗಿ 150 ಪದಗಳೊಳಗಿರಬೇಕು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. "ಏಕೆ ಕ್ರಮ ಕೈಗೊಂಡಿಲ್ಲ" ಎಂದು ಕೇಳಿದರೆ ಅದು ಮಾಹಿತಿಯಲ್ಲವೆಂದು ತಳ್ಳಿಹಾಕುತ್ತಾರೆ. "ಇಂಥ ದಿನಾಂಕದ ಅರ್ಜಿಯ ಮೇಲೆ ಆದ ಟಿಪ್ಪಣಿ ಹಾಳೆಗಳ ಪ್ರತಿ, ಸ್ಥಳ ಮಹಜರಿನ ಪ್ರತಿ, ವಿಧಿಸಿದ ದಂಡದ ರಸೀದಿಗಳ ಪ್ರತಿ" ಎಂದು ದಾಖಲೆಗಳನ್ನೇ ಕೇಳಬೇಕು. ಟಿಪ್ಪಣಿ ಹಾಳೆ, ಅಂದರೆ ಅರ್ಜಿಯ ಮೇಲೆ ಅಧಿಕಾರಿಗಳು ಕಡತದಲ್ಲಿ ಬರೆದ ಟಿಪ್ಪಣಿ, ಇಲ್ಲವೆಂದು ಬರೆದುಕೊಟ್ಟರೆ, ಅರ್ಜಿಯನ್ನು ಯಾರೂ ತೆರೆದೇ ನೋಡಿಲ್ಲ ಎಂಬುದಕ್ಕೆ ಅದೇ ಪುರಾವೆ.

ಹೆಚ್ಚು ಜನರಿಗೆ ತಿಳಿಯದ, ಆದರೆ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುವ ದಾರಿಯೊಂದಿದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಾಗಿದೆ. ಸಾರ್ವಜನಿಕರಿಗೆ ಉಪದ್ರವವಾಗುವ ವಸ್ತುವನ್ನು ತೆಗೆಯುವಂತೆ ಉಪವಿಭಾಗಾಧಿಕಾರಿಗಳು ಅಥವಾ ತಹಶೀಲ್ದಾರರು ದಂಡಾಧಿಕಾರಿಗಳಾಗಿ ಆದೇಶಿಸುವ ಅಧಿಕಾರ ಅದರಲ್ಲಿದೆ. ಮಧ್ಯಪ್ರದೇಶದ ರತ್ಲಾಂ ಊರಿನ ನಿವಾಸಿಗಳು ತೆರೆದ ಚರಂಡಿಯ ದುರ್ನಾತ ಮತ್ತು ಮದ್ಯದ ಕಾರ್ಖಾನೆಯ ಹೊಲಸು ನೀರಿನಿಂದ ಬೇಸತ್ತು ಇದೇ ಕಲಮಿನಡಿ ದಂಡಾಧಿಕಾರಿಗಳ ಮೊರೆ ಹೋದರು. ತನ್ನಲ್ಲಿ ಹಣವಿಲ್ಲವೆಂದು ಪುರಸಭೆ ಸುಪ್ರೀಂ ಕೋರ್ಟಿನವರೆಗೂ ವಾದಿಸಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಆ ವಾದವನ್ನು ಒಪ್ಪಲಿಲ್ಲ, ನಾಗರಿಕರ ಆರೋಗ್ಯ ಕಾಯುವ ಶಾಸನಬದ್ಧ ಕರ್ತವ್ಯದಿಂದ ಪುರಸಭೆ ಹಣದ ನೆಪ ಹೇಳಿ ತಪ್ಪಿಸಿಕೊಳ್ಳಲಾಗದೆಂದು ತೀರ್ಪಿತ್ತಿತು. ದೂರು ಕೊಡಲು ಹೋದ ಕಡೆಯಲ್ಲೆಲ್ಲ "ಸಿಬ್ಬಂದಿ ಇಲ್ಲ, ಅನುದಾನ ಇಲ್ಲ" ಎಂಬ ಉತ್ತರ ಕೇಳಿದ ನಮಗೆ, ಆ ತೀರ್ಪಿನ ಪ್ರತಿಯನ್ನು ಅರ್ಜಿಗೆ ಲಗತ್ತಿಸಿದಾಗ ಸಿಕ್ಕ ಧೈರ್ಯ ಸಣ್ಣದಲ್ಲ.

ಪೊಲೀಸ್ ದೂರಿನ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ಸಾರ್ವಜನಿಕ ಉಪದ್ರವಕ್ಕೆ ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಮು ವಿಧಿಸುವ ದಂಡ ಹೆಚ್ಚೆಂದರೆ 1,000 ರೂಪಾಯಿ, ಒಂದು ಲೋಡ್ ಸಾಗಿಸುವವರಿಗೆ ಅದು ಲೆಕ್ಕಕ್ಕೇ ಇಲ್ಲ. ಕಸಕ್ಕೆ ಬೆಂಕಿ ಹಚ್ಚುವುದರ ವಿಷಯದಲ್ಲಿ, ಪರಿಸರದ ವ್ಯಾಜ್ಯಗಳನ್ನು ವಿಚಾರಿಸುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಕೊಟ್ಟ ಆದೇಶ ಇದಕ್ಕಿಂತ ಬಿಗಿಯಾದದ್ದು: ಸಾಮಾನ್ಯ ಪ್ರಮಾಣದಲ್ಲಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ. ನ್ಯಾಯಮಂಡಳಿಗೇ ಹೋಗಬೇಕೆಂದಿರುವವರು, ವಿವಾದದ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ಮಿತಿಯನ್ನು ನೆನಪಿಡಬೇಕು. ತಕ್ಕ ಕಾರಣವಿದ್ದರೆ ಇನ್ನೂ 60 ದಿನಗಳ ಅವಕಾಶವಿದೆ, ಅದರಾಚೆಗಿಲ್ಲ.

ಕಸವನ್ನು ಎತ್ತಿದ ಮೇಲೆ ಅದು ಎಲ್ಲಿಗೆ ಹೋಯಿತು ಎಂದು ನಾವು ಕೇಳುವುದೇ ಇಲ್ಲ. ಬೆಂಗಳೂರಿನ ಕಸಕ್ಕೆ ಮಾವಳ್ಳಿಪುರ ಮತ್ತು ಮಂಡೂರಿನ ಜನ ತೆತ್ತ ಬೆಲೆಯನ್ನು ತಿಳಿದವರಿಗೆ ಈ ಪ್ರಶ್ನೆ ಬಿಡಲಾಗದ್ದು. ಆ ಊರುಗಳ ಜನ ನೊಣ, ದುರ್ವಾಸನೆ, ಕೆಟ್ಟ ಅಂತರ್ಜಲಗಳ ನಡುವೆ ವರ್ಷಗಟ್ಟಲೆ ಬದುಕಿ, ಲಾರಿಗಳ ಮುಂದೆ ಕೂತು ಪ್ರತಿಭಟಿಸಿದ ನಂತರವೇ 2012ರಲ್ಲಿ ಮಾವಳ್ಳಿಪುರಕ್ಕೂ 2014ರ ಕೊನೆಗೆ ಮಂಡೂರಿಗೂ ಕಸದ ಲಾರಿಗಳು ಹೋಗುವುದು ನಿಂತದ್ದು. ನಮ್ಮ ಕಾಲುವೆಯ ದಂಡೆಯಿಂದ ಎತ್ತಿದ ರಾಶಿ ಇನ್ನೊಂದು ಹಳ್ಳಿಯ ಗೋಮಾಳದಲ್ಲಿ ಬಿದ್ದರೆ ನಾವು ಯಾವ ನ್ಯಾಯವನ್ನೂ ಪಡೆದಂತಾಗುವುದಿಲ್ಲ. ಹಾಗಾಗಿ ತೆರವಿಗೆ ಬಂದ ಗಾಡಿಗಳ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಘಟಕದಲ್ಲಿ ಕೊಡುವ ತೂಕದ ಚೀಟಿಯ ಪ್ರತಿಯನ್ನು ಕೇಳುವುದನ್ನು ನಾವು ರೂಢಿ ಮಾಡಿಕೊಂಡೆವು. ಮೊದಮೊದಲು ಇದನ್ನು ಅತಿಯೆಂದುಕೊಂಡ ಸಿಬ್ಬಂದಿಯೇ ನಂತರ ಚೀಟಿಗಳನ್ನು ತಾವಾಗಿಯೇ ತೋರಿಸತೊಡಗಿದರು.

ತೆರವಿನ ಕೆಲಸಕ್ಕೆ ಬರುವ ಪೌರಕಾರ್ಮಿಕರ ಬಗ್ಗೆಯೂ ಹೇಳಬೇಕು. ಗಾಜಿನ ಚೂರು, ಕೊಳೆತ ಮಾಂಸ, ಬಳಸಿದ ಪ್ಯಾಡುಗಳು ಬೆರೆತ ರಾಶಿಯನ್ನು ಕೈಯಿಂದ ಬಿಡಿಸುವವರು ಅವರು. ಜೆಸಿಬಿ ಬಾರದ ಕಡೆ ಅವರನ್ನು ಬರಿಗೈಯಲ್ಲಿ ಇಳಿಸಬಾರದೆಂದು, ಗಂಬೂಟು ಮತ್ತು ಕೈಗವಸು ಕೊಟ್ಟೇ ಕೆಲಸ ಮಾಡಿಸಬೇಕೆಂದು ಅರ್ಜಿಯಲ್ಲೇ ಬರೆಯಿರಿ. ದೂರು ಕೊಟ್ಟವರು ನಾವಾದ್ದರಿಂದ ಅದನ್ನು ಕೇಳುವ ಹೊಣೆಯೂ ನಮ್ಮದೇ.

ಜಾಗ ಖಾಲಿಯಾದ ಮೇಲಿನ ಮೊದಲ ಕೆಲವು ವಾರಗಳು ನಿರ್ಣಾಯಕ. ನಮ್ಮಲ್ಲಿ ಟಿಪ್ಪರ್ ಒಳಬರುವ ದಾರಿಗೆ ಅಡ್ಡಲಾಗಿ ಕಂದಕ ತೋಡಿಸಿ, ಎರಡೂ ಬದಿಗೆ ದಪ್ಪ ಸೈಜುಗಲ್ಲುಗಳನ್ನು ಹೂಳಿಸಿದ್ದೇ ಹೆಚ್ಚು ಉಪಯೋಗಕ್ಕೆ ಬಂದದ್ದು. ದೀಪದ ಕಂಬವೂ ಬಂತು. ಕ್ಯಾಮೆರಾ ಹಾಕಿಸುವ ಮಾತು ಬಂದರೂ, ಅದನ್ನು ನೋಡಿಕೊಳ್ಳುವವರು ಯಾರೆಂದು ತೀರ್ಮಾನವಾಗದ ಕಾರಣ ಬಿಟ್ಟೆವು. "ಇಲ್ಲಿ ಕಸ ಹಾಕಬಾರದು" ಎಂಬ ಫಲಕಗಳಲ್ಲಿ ನನಗೆ ನಂಬಿಕೆಯಿಲ್ಲ, ಊರ ತುಂಬ ಅವುಗಳ ಬುಡದಲ್ಲೇ ಕಸ ಬಿದ್ದಿರುತ್ತದೆ.

ಈಗ ನಮ್ಮ ಕಡೆಯ ದಂಡೆ ತೆರವಾಗಿದೆ, ಭೂಮಾಪಕರು ಬಂದು ಗಡಿಕಲ್ಲು ನೆಟ್ಟಿದ್ದಾರೆ. ಆಚೆ ದಂಡೆಯ ತುಂಬಿಸಿದ ಮಣ್ಣು ಹಾಗೆಯೇ ಇದ್ದು, ಅದರ ಮೇಲಿನ ಅರ್ಜಿ ಇನ್ನೂ ವಿಚಾರಣೆಯಲ್ಲಿದೆ. ಅದರೊಂದಿಗೆ ನಾವೀಗ ಕೇಳುತ್ತಿರುವುದು ಇನ್ನೊಂದು. ಬಚ್ಚಲುಮನೆಯ ಟೈಲ್ಸ್ ಬದಲಿಸುವವರು, ಒಂದು ಗೋಡೆ ಒಡೆಸುವವರು ಹತ್ತಿಪ್ಪತ್ತು ಗೋಣಿಚೀಲ ಡೆಬ್ರಿಯನ್ನು ನಿಗದಿತ ಶುಲ್ಕ ಕೊಟ್ಟು ತಂದು ಹಾಕಲು ನಗರದ ಈ ಭಾಗದಲ್ಲೇ ಒಂದು ಸಂಗ್ರಹ ಕೇಂದ್ರ ಬೇಕು. ಸರ್ಕಾರಿ ಜಮೀನಿನ ಎರಡು ಸರ್ವೆ ನಂಬರುಗಳನ್ನು ನಾವೇ ಗುರುತಿಸಿ, ಕೆರೆ-ಕಾಲುವೆಗಳಿಂದ ಅವು ಎಷ್ಟು ದೂರದಲ್ಲಿವೆ ಎಂಬ ನಕಾಶೆಯೊಂದಿಗೆ ಮನವಿ ಸಲ್ಲಿಸಿದ್ದೇವೆ. ಅದಕ್ಕೆ ಬರುವ ಹಿಂಬರಹ ಏನೇ ಇರಲಿ, ಅದನ್ನೂ ಇಲ್ಲಿ ಬರೆಯುತ್ತೇನೆ.